ದುರುಗಕ್ಕನ ತಲೆಗೆ ಮೂರು ಸಲ

ಸುಳ್ಳು ಅಂತೀಯಾ? ಹಂಗಾದ್ರೆ ಎದ್ದು ಹೋಗು, ಬಾಗಿಲು ತೆಗೆದೇ ಐತೆ. ಹೋಗಲ್ಲ ಅಂದ್ರೆ ಕೇಳು. ನನ್ನಿವಾಳದ ಅಜ್ಜಪ್ಪ ನೇಯ್ದ ಕಂಬಳಿ ಯಾರೂ ಹಿಡಿಯದೆ ತಾನೇ ನಿಲ್ಲುತ್ತಿತ್ತು. ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿಯನ್ನು ಅವನು ಕುಂಚದಿಂದ ಮೂರು ಸಲ ಬಳಿದು, ಅಷ್ಟು ಬಿಗಿ ಮಾಡುತ್ತಿದ್ದ. ಒಮ್ಮೆ ಕುರಿಯವನೊಬ್ಬ ಕಂಬಳಿಯನ್ನು ಬಯಲಲ್ಲಿ ನಿಲ್ಲಿಸಿ ಉಣ್ಣಲು ಹೋದರೆ, ಯಜಮಾನನೇ ನಿಂತಿದ್ದಾನೆಂದು ಕುರಿಗಳು ಸಂಜೆವರೆಗೂ ಕದಲಲಿಲ್ಲವಂತೆ. ಇದನ್ನು ಬೇಕಾದರೆ ಬಿಡು, ಅವನ ಹೆಂಡತಿ ದುರುಗಕ್ಕನ ಕತೆಯನ್ನಾದರೂ ನಂಬು.

ತೊಂಬತ್ತೊಂಬತ್ತರ ಬೇಸಿಗೆ. ಎರಡು ವರ್ಷದಿಂದ ದುರುಗಕ್ಕನ ಬೈತಲೆ ಅಗಲವಾಗುತ್ತ ನೆತ್ತಿ ಬಯಲಾಗಿತ್ತು. ಅವಳು ಸಂತೆ ಬಿಟ್ಟಳು, ಮದುವೆ ಮನೆ ಬಿಟ್ಟಳು. ಮೊಳಕಾಲ್ಮುರಿಗೆ ಕೊಟ್ಟಿದ್ದ ಮಗಳು ಸರಿತಾ ಚೊಚ್ಚಲ ಬಸುರಿ. ಎರಡು ತಿಂಗಳಿಗೆ ಸೀಮಂತ, ಅದಾದ ಮೇಲೆ ತಾಯಿಯೇ ಹೋಗಿ ತವರಿಗೆ ಕರೆತರಬೇಕು. ದುರುಗಕ್ಕ ಮಾತ್ರ ಬರುವುದಿಲ್ಲವೆಂದು ಕೂತಳು.

“ಹೂವ ಕೊಡ್ತಾರೆ. ಎಲ್ಲಿಗೆ ಸಿಗಿಸ್ಕಳ್ಲಿ?”

ಅಜ್ಜಪ್ಪ ಅವಳನ್ನು ಚಳ್ಳಕೆರೆಗೆ ಕರೆದೊಯ್ದ. ಚರ್ಮದ ಡಾಕ್ಟರು ತಲೆಗೆ ಹಚ್ಚುವ ನೀರಿನಂಥ ಔಷಧಿ ಬರೆದುಕೊಟ್ಟು, ದಿನಕ್ಕೆ ಎರಡು ಸಲ, ಒಂದೊಂದು ಅಳತೆ ಮಾತ್ರ ಎಂದರು. ಮೊದಲು ಇನ್ನಷ್ಟು ಉದುರಬಹುದು, ಗುಣ ಕಾಣಲು ನಾಲ್ಕು ತಿಂಗಳು ಬೇಕು ಎಂದೂ ಹೇಳಿದರು. ನಾಲ್ಕು ತಿಂಗಳು ಎಂದದ್ದೇ ಅಜ್ಜಪ್ಪನ ಕಿವಿಯಲ್ಲಿ ಕೂತು, ಉಳಿದ ಮಾತಿಗೆ ಜಾಗವೇ ಇರಲಿಲ್ಲ.

ಹದಿನೈದು ದಿನಕ್ಕೆ ಬಾಚಣಿಗೆ ತುಂಬ ಕೂದಲು ಬಂತು. ಅಜ್ಜಪ್ಪನಿಗೆ ತಿಳಿದದ್ದು ಒಂದೇ: ಹಾಸಿನ ಎಳೆ ಕಿತ್ತು ಬರುತ್ತಿದ್ದರೆ ಗಂಜಿ ಸಾಲದು. ಹೊಸ ಕುಂಚ ತಂದ. ಹೆಂಡತಿಯನ್ನು ಬಿಸಿಲಿಗೆ ಕೂರಿಸಿ ತಲೆಗೆ ಔಷಧಿ ಬಳಿದ, ಒಣಗಿಸಿದ, ಮತ್ತೆ ಬಳಿದ, ಮತ್ತೆ ಒಣಗಿಸಿದ, ಮೂರನೇ ಸಲವೂ ಬಳಿದ. ಬೆಳಿಗ್ಗೆ ಮೂರು, ಸಂಜೆ ಮೂರು. ತಿಂಗಳ ಬಾಟಲಿ ವಾರಕ್ಕೆ ಸಾಲಲಿಲ್ಲ. ಮಗ್ಗ ಅರ್ಧಕ್ಕೆ ನಿಂತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ದುರುಗಕ್ಕ ಎದ್ದರೆ ಕಣ್ಣು ಕತ್ತಲೆ, ಕೂತರೆ ಎದೆ ಡವಡವ. ಪಾದ ಊದಿಕೊಂಡವು. ನೆತ್ತಿ ಹಾಗೇ ಇತ್ತು, ಹಣೆಗೂ ಕೆನ್ನೆಗೂ ತುಟಿಯ ಮೇಲೂ ಮಾತ್ರ ಕಪ್ಪು ನವಿರು ಕೂದಲು ಬಂತು. ಒಂದು ದಿನ ರಾಟೆಯ ಮುಂದೆಯೇ ಒರಗಿಬಿಟ್ಟಳು.

ಮತ್ತೆ ಚಳ್ಳಕೆರೆಗೆ ಕರೆದೊಯ್ದರೆ, ಡಾಕ್ಟರು ಬಿ.ಪಿ. ನೋಡಿ, ಎಷ್ಟು ಹಚ್ಚಿದೆ ಎಂದು ಕೇಳಿದರು. ಅಜ್ಜಪ್ಪ ಹೇಳಿದ. ಇವತ್ತೇ ನಿಲ್ಲಿಸು, ಇಷ್ಟು ಔಷಧಿ ಮೈಗೆ ಇಳಿದರೆ ಎದೆಗೇ ಹೊಡೆತ ಎಂದರು.

“ಒಳ್ಳೇದಕ್ಕೆ ಮಾಡ್ದೆ, ಸಾ,” ಎಂದ ಅಜ್ಜಪ್ಪ.

ಹತ್ತು ದಿನ ಮಲಗಿದ ಮೇಲೆ ಊತ ಇಳಿಯಿತು. ಸೀಮಂತಕ್ಕೆ ಎರಡೇ ದಿನವಿತ್ತು. ಅಜ್ಜಪ್ಪ ತಾನೊಬ್ಬನೇ ಹೋಗಿ ಬರುತ್ತೇನೆಂದು ಚೀಲ ಹಿಡಿದ. ದುರುಗಕ್ಕ ಗೋಡೆ ಹಿಡಿದು ಎದ್ದಳು.

“ನನ್ ತಲೇನ ಕಂಬಳಿ ಮಾಡಕ್ಕೋಗಿ ನನ್ನೇ ಕಳ್ಕಂತಿದ್ದೆ. ಕೂದ್ಲೂ ಬ್ಯಾಡ, ನಿನ್ ಕುಂಚಾನೂ ಬ್ಯಾಡ. ಮೀಸೆ ಅವ್ವ ಬಂದ್ಲು ಅಂತ ನಗ್ತಾರಾ, ನಗ್ಲಿ. ನನ್ ಮಗಳನ್ನ ನಾನೇ ಕರ್ಕಂಬತ್ತೀನಿ.”

ಹೋದರು, ಕರೆತಂದರು. ಬರುವಾಗ ಬಸ್ಸಿನಲ್ಲಿ ದುರುಗಕ್ಕ ಸುಸ್ತಾಗಿ ನಿದ್ದೆಹೋದಳು. ಸೆರಗು ಜಾರಿತು. ಸರಿಮಾಡಲು ಅಜ್ಜಪ್ಪ ಕೈ ಚಾಚಿದ. ಸರಿತಾ ಬೇಡವೆಂದು ತಲೆಯಾಡಿಸಿ, ಅವ್ವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಅವನು ಕೈಯನ್ನು ಮಡಿಲಿಗೆ ಹಾಕಿಕೊಂಡು, ಚಳ್ಳಕೆರೆ ಬರುವವರೆಗೂ ಅದನ್ನೇ ನೋಡುತ್ತ ಕೂತ.

ಮುಖದ ನವಿರು ಹಿಂಗಾರಿನ ಹೊತ್ತಿಗೆ ಉದುರಿತು. ನೆತ್ತಿ ಹಾಗೇ ಉಳಿಯಿತು. ಆಮೇಲೆ ಆ ಕುಂಚ ಏನಾಯ್ತಪ್ಪಾ ಅಂದ್ರೆ... ಬಂದೆ ಕಣವ್ವ, ಕೇಳುಸ್ತು. ಏಳಪ್ಪ, ಸೊಸೆ ಮುದ್ದೆ ಬಡಿಸವಳಂತೆ.