ಒಂದೇ ಕಿವಿಯ ಯಂತ್ರ

ನನ್ನ ಎಡಗಿವಿ ಹೋದದ್ದು ದೇವದುರ್ಗದ ಕಡೆಯ ನಮ್ಮ ಹಟ್ಟಿಯಲ್ಲಿ, ನಾನಿನ್ನೂ ಲಂಗ ಉಡುತ್ತಿದ್ದ ಕಾಲಕ್ಕೆ. ಕಿವಿ ಸೋರಿತು, ಜ್ವರ ಬಂತು, ಏನೋ ಎಣ್ಣೆ ಬಿಟ್ಟರು. ಜ್ವರ ಇಳಿಯಿತು, ಕಿವಿ ಬರಲಿಲ್ಲ. ಯಾರೂ ಅಳಲಿಲ್ಲ. ಇನ್ನೊಂದು ಇತ್ತಲ್ಲ.

ನಮ್ಮದು ಕುರಿ ಸಾಕುವ ಮನೆ. ಸಂಜೆ ಕುರಿ ಮೇದು ಬಂದಾಗ ಮರಿಗಳನ್ನು ಬಿಡುತ್ತಿದ್ದೆವು. ಅಷ್ಟು ತಾಯಿ, ಅಷ್ಟು ಮರಿ ಒಟ್ಟಿಗೆ ಒದರಿದರೂ ಮರಿ ತನ್ನ ತಾಯಿಯನ್ನು ಹಿಡಿಯುತ್ತದೆ. ಹಿಡಿಯಲಾಗದೆ ಎಲ್ಲೋ ಮೂಲೆಯಲ್ಲಿ ಒದರುತ್ತ ನಿಂತ ಮರಿಯನ್ನು ದನಿಯ ಮೇಲೆ ಹುಡುಕಿ ತಾಯಿಗೆ ಹಚ್ಚುವುದು ನನ್ನ ಕೆಲಸವಾಗಿತ್ತು. ಕಿವಿ ಹೋದಮೇಲೆ ಮರಿಯ ದನಿ ಕೇಳುತ್ತಿತ್ತು, ಅದು ಎತ್ತಲಿಂದ ಬಂತೆಂದು ತಿಳಿಯುತ್ತಿರಲಿಲ್ಲ. ನಿಂತಲ್ಲೇ ಸುತ್ತುತ್ತಿದ್ದೆ. ಅಪ್ಪ ಸ್ವಲ್ಪ ದಿನ ನೋಡಿ ಆ ಕೆಲಸ ತಂಗಿಗೆ ಕೊಟ್ಟ. ನನ್ನನ್ನು ಕುರಿ ಇಲ್ಲದ ಮನೆಗೆ, ರಾಯಚೂರಿಗೆ ಮದುವೆ ಮಾಡಿ ಕಳಿಸಿದ. ಅವನ ಲೆಕ್ಕದಲ್ಲಿ ಅದು ಸರಿಯೇ.

ಒಬ್ಬರು ಎದುರಿಗೆ ಕೂತು ಮಾತಾಡಿದರೆ ನನಗೆ ಎಲ್ಲ ಕೇಳುತ್ತದೆ. ಮೂರು ಮಂದಿ ಕೂಡಿದರೆ ಮಾತೆಲ್ಲ ಕಲಸಿದ ಹಿಟ್ಟು. ಯಾರು ಕರೆದರು, ಯಾರಿಗೆ ಉತ್ತರ ಕೊಡಬೇಕು, ತಿಳಿಯುವುದಿಲ್ಲ. ಅತ್ತೆಯ ಮನೆಯಲ್ಲಿ ನನಗೆ ಸೊಕ್ಕಿನವಳು ಎಂದು ಹೆಸರು ಬಂತು. ಗಂಡನಿಗೆ ಹೇಳಿದೆ. "ಒಂದು ಕೇಳ್ತದಲ್ಲ, ಒಂದು ಕಣ್ಣಿದ್ದವರು ದಾರಿ ನಡಿಯಂಗಿಲ್ಲೇನು?" ಅಂದರು. ಆಮೇಲೆ ಹೇಳುವುದು ಬಿಟ್ಟೆ. ಮದುವೆ, ಮುಂಜಿ, ಎಲ್ಲಿ ಹೋದರೂ ಎಡಗಡೆ ಗೋಡೆ ಬರುವ ಹಾಗೆ ಮೂಲೆ ಹಿಡಿದು ಕೂಡುತ್ತಿದ್ದೆ. ಮೂಲೆಯಲ್ಲಿ ಕೂತವಳ ಹತ್ತಿರ ಯಾರೂ ಹೆಚ್ಚು ಹೊತ್ತು ಕೂಡುವುದಿಲ್ಲ.

ಗಂಡ ತೀರಿಕೊಂಡರು. ಒಬ್ಬಳೇ ಮಗಳು, ಅವಳನ್ನು ಮಾನ್ವಿಗೆ ಕೊಟ್ಟೆ. ಮಾಳಿಗೆಯ ಮೇಲಿನ ಕೋಣೆಗೆ ಕಾಲೇಜಿನ ಸರ್ ಒಬ್ಬರು ಬಾಡಿಗೆಗೆ ಬಂದರು. ಓಣಿಗೊಂದೇ ಟಿವಿ ಇದ್ದ ಕಾಲ ಅದು. ಈ ಸರ್ ಕಂಪ್ಯೂಟರಿಗೆ ಮಾತು ಕೇಳುವುದನ್ನು ಕಲಿಸುತ್ತಿದ್ದರು. ಕಂಪ್ಯೂಟರ್ ಇದ್ದದ್ದು ಹೈದರಾಬಾದಿನಲ್ಲಿ, ತಣ್ಣನೆಯ ಕೋಣೆಯೊಳಗೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಂತೆ. ಇಲ್ಲಿ ಟೇಪಿನಲ್ಲಿ ದನಿ ತುಂಬಿಕೊಂಡು ರೈಲಿನಲ್ಲಿ ಅಲ್ಲಿಗೆ ಒಯ್ಯುತ್ತಿದ್ದರು. ಅವರಿಗೆ ರೊಟ್ಟಿ ನಾನೇ ಬಡಿದು ಕೊಡುತ್ತಿದ್ದೆ. ಎದುರಿಗೆ ಕೂತು ಮಾತಾಡುವ ಮನುಷ್ಯ ಅವರೊಬ್ಬರೇ ಆಗ.

"ಯವ್ವಾ, ಒಬ್ಬರ ಮಾತು ಮುಗಿಯೂದ್ರಾಗ ಇನ್ನೊಬ್ಬರು ಮಾತಾಡಬೇಕು, ಅಂಥ ಜಾಗ ಬೇಕು ನನಗ," ಅಂದರು ಒಂದು ದಿನ.

"ಮಾನ್ವ್ಯಾಗ ನನ್ನ ಮಗಳ ಕುಬಸ ಅದ. ಓಣಿ ಹೆಣ್ಮಕ್ಕಳೆಲ್ಲ ಬರ್ತಾರ. ಸಾಕೇನ್ರಿ?"

"ಭಾಳ ಆತು."

ಟೇಪ್ ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ತೋರಿಸಿದರು.

ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದು. ಅದಾದಮೇಲೆ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಬೇಕು. ಬಾಣಂತಿಯ ಉಂಡೆಗೆಂದು ನಾನು ಅಂಟು, ಕೊಬ್ಬರಿ, ಉತ್ತತ್ತಿ ಎಲ್ಲ ಆಗಲೇ ತಂದಿಟ್ಟಿದ್ದೆ. ಹಳೆಯ ಸೀರೆ ಹರಿದು, ಒಗೆದು, ಮಡಚಿದ್ದೆ. ತೊಟ್ಟಿಲು ತೊಳೆದಿದ್ದೆ. ಮನೆಯಲ್ಲಿ ಇನ್ನೊಂದು ಉಸಿರು ಬರುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ.

ಮಾನ್ವಿಯಲ್ಲಿ, ಹುಡುಗಿಯ ತಾಯಿ ಅಂತ ನನ್ನನ್ನು ನಡುವೆ ಕೂಡಿಸಿದರು. ಎಡಕ್ಕೆ ಗೋಡೆ ಇಲ್ಲ. ಟೇಪು ತೊಡೆಯ ಮೇಲೆ ಇಟ್ಟುಕೊಂಡು ಒತ್ತಿದೆ. ಹಾಡು, ನಗು, ಬಳೆ, ತಟ್ಟೆ, ಎಲ್ಲ ಒಟ್ಟಿಗೆ. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ನೋಡುತ್ತಿದ್ದ ಹಾಗೆ ಅವಳ ಮುಖ ಕಪ್ಪಾಯಿತು. ಅಷ್ಟರಲ್ಲಿ ಟೇಪಿನ ಪಟ್ಟಿ ಮುಗಿದು ಗುಂಡಿ ಟಕ್ಕೆಂದು ಎದ್ದಿತು. ಒಬ್ಬೊಬ್ಬರಾಗಿ ಎಲ್ಲರೂ ಸುಮ್ಮನಾದರು. ಆಗ ಬೀಗತಿಯ ದನಿ ಸ್ಪಷ್ಟವಾಗಿ ಕೇಳಿತು.

"ಇರಲಿ ಬಿಡ್ರಿ. ತವರಿಗೆ ಬ್ಯಾಡಾದ್ರ ನಮ್ಮ ಮನ್ಯಾಗ ಜಾಗ ಇಲ್ಲೇನು?"

ಹಿತ್ತಲಿನಲ್ಲಿ ಮಗಳು ಹರಿಹಾಯ್ದಳು. "ಬಾಣಂತನಕ್ಕ ಯಾವಾಗ ಕರ್ಕೊಂಡು ಹೋಗ್ತೀರಿ ಅಂತ ನಮ್ಮತ್ತಿ ಎಷ್ಟು ಸಲ ಕೇಳಿದ್ರು. ಮಂದಿ ಮುಂದ ಕಲ್ಲಿನಂಗ ಕುಂತಿ."

"ಕೇಳ್ಲಿಲ್ಲವ್ವಾ."

"ಒಂದು ಕಿವಿ ಅದ ನಿನಗ. ಬೇಕಾದ್ದು ಕೇಳ್ತದ."

ರಾಯಚೂರಿಗೆ ಒಬ್ಬಳೇ ಬಂದೆ. ಅಂಟಿನ ಪೊಟ್ಟಣ ಗೂಡಿನಲ್ಲಿ ಹಾಗೇ ಇತ್ತು.

ಸರ್ ಟೇಪು ಹೈದರಾಬಾದಿಗೆ ಒಯ್ದು, ಸಪ್ಪೆ ಮುಖ ಮಾಡಿಕೊಂಡು ಬಂದರು. ತಾವೊಬ್ಬರೇ ನಿಂತು ಒಂದು, ಎರಡು ಅಂದರೆ ಆ ಯಂತ್ರ ಗುರುತು ಹಿಡಿಯುತ್ತದಂತೆ. ಪಕ್ಕದಲ್ಲಿ ಇನ್ನೊಬ್ಬರು ಕೆಮ್ಮಿದರೆ ಮುಗಿಯಿತು. ಕುಬಸದ ಟೇಪಿನಲ್ಲಿ ಒಂದು ದನಿಯನ್ನೂ ಬೇರೆ ಮಾಡಲಿಲ್ಲ. ಕಾಗದದ ಮೇಲೆ ಅದು ತೆಗೆದ ಗೆರೆ ತೋರಿಸಿದರು. ಎರಡು ಹಟ್ಟಿಯ ಕುರಿ ಒಂದೇ ಕೆರೆಗೆ ಇಳಿದ ಹಾಗೆ ಇತ್ತು.

"ಮನುಷ್ಯರು ಹೆಂಗ ಕೇಳ್ತಾರ ಅನ್ನೋದು ಮೊದಲು ನನಗ ತಿಳಿಬೇಕು, ಆಮ್ಯಾಲ ಅದಕ್ಕ ಕಲಿಸಬೇಕು," ಅಂದು ನನ್ನನ್ನೂ ಪಕ್ಕದ ಮನೆಯ ಹೂವಿನವಳನ್ನೂ ಕೂಡಿಸಿ ಟೇಪು ಹಚ್ಚಿದರು. ಹೂವಿನವಳ ಕಿವಿ ಎಂಥದು ಅಂದರೆ ಮೂರು ಮನೆಯಾಚೆಯ ಜಗಳ ಕೂತಲ್ಲಿಂದ ಹೇಳುತ್ತಾಳೆ. ಅವಳಿಗೂ ನಾಲ್ಕು ಮಾತಿಗಿಂತ ಹೆಚ್ಚು ಸಿಗಲಿಲ್ಲ. ನನಗೂ ಅವೇ ನಾಲ್ಕು ಸಿಕ್ಕವು. ಬೀಗತಿ ಕೇಳಿದ್ದು ಇಬ್ಬರಿಗೂ ಸಿಗಲಿಲ್ಲ.

ಇದೇನು ಹೀಗೆ ಅಂದೆ.

"ಟೇಪಿಗೆ ಮೈಕು ಒಂದ ಅದ ಯವ್ವಾ. ಒಂದ ಕಿವಿಲೆ ಕೇಳಿದಂಗ. ಎರಡು ಇದ್ರ ಯಾವ ದನಿ ಯಾವ ಕಡಿಯಿಂದ ಬಂತು ಅಂತ ಮನಸು ಬ್ಯಾರಿ ಮಾಡ್ಕೋತದ."

"ಒಂದು ಕಿವಿ ಸಾಲಂಗಿಲ್ಲ ಅಂತ ನಿಮಗ ಯಾರು ಹೇಳಿದ್ರು?"

"ಪುಸ್ತಕದಾಗ ಅದ."

ಗಂಡ ನಂಬದ್ದು, ಹೊಟ್ಟೆಯ ಮಗಳು ನಂಬದ್ದು, ಯಾವುದೋ ಪುಸ್ತಕದಲ್ಲಿ ಇತ್ತಂತೆ. ನನಗೆ ಸಿಟ್ಟೇ ಬಂತು.

ಆಮೇಲೆ ಸರ್ ಒಂದು ಗಡಿಗೆ ತಂದು, ಎರಡೂ ಪಕ್ಕ ತೂತು ಕೊರೆದು, ಎರಡು ಮೈಕು ಕೂಡಿಸಿದರು. ಅದು ತಲೆಯಂತೆ. ಹೂವಿನವಳು ಅದಕ್ಕೆ ರುಮಾಲು ಸುತ್ತಿ ಕುಂಕುಮ ಹಚ್ಚಿದಳು.

"ಅಳಿಯ ಬಂದಾನ, ಚಾ ಕೊಡ್ರಿ," ಅಂದಳು. "ತುಟಿ ಬಿಚ್ಚದ ಅಳಿಯ ಸಿಗಬೇಕಂದ್ರ ಪುಣ್ಯ ಮಾಡಿರಬೇಕು."

ಗಡಿಗೆಯ ಎದುರು ಓಣಿಯ ಹೆಂಗಸರನ್ನು ಮಾತಾಡಿಸಿ, ಆ ಟೇಪನ್ನು ಎರಡೂ ಕಿವಿಗೆ ಹಾಕುವ ಯಂತ್ರದಲ್ಲಿ ಕೇಳಿಸಿದರು. ಹೂವಿನವಳು ಕಣ್ಣರಳಿಸಿದಳು. "ಅಯ್ಯ, ಒಬ್ಬಾಕಿ ಈ ಕಡಿ ಕುಂತಾಳ, ಒಬ್ಬಾಕಿ ಆ ಕಡಿ." ನಾನು ಹಾಕಿಕೊಂಡೆ. ಮೊದಲಿನ ಹಿಟ್ಟೇ. ತೆಗೆದುಕೊಟ್ಟೆ. ಕಂಪ್ಯೂಟರಿಗೆ ಇನ್ನೊಂದು ಕಿವಿ ಬೇಕಾದರೆ ಗಡಿಗೆಗೆ ತೂತು ಹಾಕಿದರೆ ಆಯಿತು. ಸರ್ ನನ್ನ ಮುಖ ನೋಡಿ ವೈರು ಸುತ್ತಿದರು.

ಕುಬಸದ ಟೇಪನ್ನೂ ರೆಕಾರ್ಡರನ್ನೂ ಸರ್ ಹತ್ತಿರ ಇಸಿದುಕೊಂಡು ಮಾನ್ವಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆಯ ನೀರು, ಭತ್ತದ ಗದ್ದೆ. ಬೀಗತಿ ಮತ್ತು ಮಗಳನ್ನು ಕೂಡಿಸಿ ಗುಂಡಿ ಒತ್ತಿದೆ.

"ಇದು ನಿಮ್ಮ ಮನಿ ಕುಬಸ. ನೀವು ನನ್ನ ಕೇಳಿದ್ದು ಇದರಾಗ ಅದ. ಹುಡುಕಿ ತೋರಸ್ರಿ."

"ನನ್ನ ದನಿ ಸಂತಿ ದಾಟಿ ಕೇಳ್ತದ, ಇದರಾಗ ಕೇಳಂಗಿಲ್ಲೇನು?" ಬೀಗತಿ ನಕ್ಕಳು. ಕೇಳಿದಳು. ತಿರುಗಿ ಹಚ್ಚು ಅಂದಳು. ಟೇಪಿಗೆ ಕಿವಿ ಒತ್ತಿದಳು. ಮಗಳೂ ಒತ್ತಿದಳು. ಸಿಗಲಿಲ್ಲ.

"ನಿಮ್ಮ ನಡುವ ಕುಂತಾಗ ನನಗ ದಿನಾ ಹಿಂಗ," ಅಂದೆ. "ಬ್ಯಾಡ ಅಂತ ಸುಮ್ನ ಕುಂತಿದ್ದಿಲ್ಲ. ಕರ್ಕೊಂಡು ಹೋಗಾಕ ಬಂದೀನಿ."

ಮಗಳು ತಲೆ ಎತ್ತಲಿಲ್ಲ. ಬೀಗತಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆತ್ತಗೆ ಅಂದಳು:

"ತಪ್ಪು ತಿಳೀಬ್ಯಾಡ್ರಿ ಬೀಗತಿ. ಸೊಕ್ಕು ಅಂತ ತಿಳಿದಿದ್ದೆ, ಅಲ್ಲ ಅಂತ ಈಗ ಗೊತ್ತಾತು. ಆದ್ರ ಇಷ್ಟು ಕಿವಿ ಮಂದ ಇದ್ದವರ ಕೈಯಾಗ ಬಾಣಂತಿ, ಕೂಸು ಹೆಂಗ ಬಿಡೂದು? ಕೂಸು ಯಾವ ಕಡಿ ಅಳಾಕತ್ತದ ಅಂತ ಹೆಂಗ ತಿಳೀಬೇಕು ನಿಮಗ?"

ಟೇಪು ಚೀಲದಲ್ಲಿ ಇಟ್ಟುಕೊಂಡೆ. ನನ್ನಪ್ಪನೂ ಇದನ್ನೇ ನೋಡಿ ಕೆಲಸ ತಂಗಿಗೆ ಕೊಟ್ಟಿದ್ದ.

ಬಸ್‌ಸ್ಟ್ಯಾಂಡಿನವರೆಗೆ ಮಗಳು ಬಂದಳು, ಬೇಡ ಅಂದರೂ. ಎಡಕ್ಕೆ ನಡೆಯುತ್ತಿದ್ದವಳು ನಡುದಾರಿಯಲ್ಲಿ ನಿಂತು, ಹಿಂದಿನಿಂದ ಸುತ್ತಿ ಬಲಕ್ಕೆ ಬಂದಳು. ಬಂದಮೇಲೆ ಏನಾದರೂ ಹೇಳುತ್ತಾಳೆ ಅಂತ ಕಾದೆ. "ಟೇಪು ಹುಷಾರು," ಅಂದಳು, ಅಷ್ಟೇ.

ಹೆರಿಗೆ ಮಾನ್ವಿಯಲ್ಲೇ ಆಯಿತು. ಸುದ್ದಿ ಬಂದ ದಿನ ಅಂಟಿನುಂಡೆ ಕಟ್ಟಿಕೊಂಡು ಹೋದೆ. ನಾನು ಕೂಡುವ ಚಾಪೆಯ ಬಲಕ್ಕೇ ತೊಟ್ಟಿಲು ಬರುವ ಹಾಗೆ ಮಗಳು ಇಡಿಸಿದ್ದಳು. ಕೂತೆ. ಕೂಸು ಅತ್ತಿತು. ಕೇಳಿತು, ಎತ್ತಲಿಂದ ಎಂಬುದೂ ಗೊತ್ತಿತ್ತು. ನಾನು ಮೊಣಕಾಲೂರಿ ಏಳುವುದರೊಳಗೆ ಬೀಗತಿ ಒಳಗಿನಿಂದ ಬಂದು ಎತ್ತಿಕೊಂಡು ಹೋದಳು. ಸಂಜೆಯ ಬಸ್ಸಿಗೆ ವಾಪಸು ಬಂದೆ. ಸರ್‌ಗೆ ರೊಟ್ಟಿ ಬಡಿಯುವುದಿತ್ತು.