ಡೆಲ್ಮಾ ಫ್ರಿಜ್ಜಿನ ಗೂಡಿಗೆ ಗರಗಸ ಹಾಕಿದ್ದು

ಡೆಲ್ಮಾ ಹಿಕ್ಸನ್‌ಗೆ ಆಗಾಗ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬರಬೇಕಾದರೆ ಮೊದಲು ಹೋಗಬೇಕಲ್ಲ? ಅದು ಅವಳ ಮೂಗಿನ ತುದಿಯಲ್ಲೇ ಮನೆ ಕಟ್ಟಿಕೊಂಡಿತ್ತು. ಇಂಗಮ್ ಎಂಬ ಊರಿನ ಕಬ್ಬಿನ ಗದ್ದೆಗಳ ನಡುವೆ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಎಪ್ಪತ್ತು ದಾಟಿದ ಈ ಹೆಂಗಸು ಪಾದ್ರಿಯ ಮೇಲೆ ರೇಗಿದ್ದಳು, ಅಂಚೆಯವನ ಮೇಲೆ ರೇಗಿದ್ದಳು, ಮಳೆ ಬಂದರೆ ಮಳೆಯ ಮೇಲೆ, ಬಾರದಿದ್ದರೆ ಆಕಾಶದ ಮೇಲೆ. ಅವಳ ಬಾಯಿಂದ ಏನೇನೋ ಬಂದದ್ದನ್ನು ಊರು ಕೇಳಿದೆ. 'ತಪ್ಪು ನನ್ನದು' ಎಂಬ ಮಾತೊಂದನ್ನು ಮಾತ್ರ ಕೇಳಿಲ್ಲ. ಗಂಡ ರಾನ್ ಅದನ್ನು ಕೇಳದೆಯೇ ಕಣ್ಣು ಮುಚ್ಚಿದ, ಪಾಪ.

ಆದರೂ ಊರಲ್ಲಿ ಯಾರಾದರೂ ಸತ್ತರೆ ಮೊದಲು ಫೋನ್ ಹೋಗುತ್ತಿದ್ದುದು ಡೆಲ್ಮಾಳಿಗೇ. ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ಹಾಲ್‌ನಲ್ಲಿ ಟೀ ಕೊಡಬೇಕು, ಜೊತೆಗೆ ಹೊಟ್ಟೆಗೆ ಏನಾದರೂ ಹಾಕಬೇಕು. ಆ ಕೆಲಸವನ್ನು ಅವಳೂ ಅವಳ ಗೆಳತಿ ಕೋರಲ್ ಟಿಂಡೇಲಳೂ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದರು. ಡೆಲ್ಮಾ ಬಯ್ಯುತ್ತ ಬೇಯಿಸುವಳು, ಕೋರಲ್ ನಗುತ್ತ ಬಡಿಸುವಳು. ಸಾವು ಹೇಳಿ ಕೇಳಿ ಬರುತ್ತದೆಯೇ? ಅದಕ್ಕೇ ಡೆಲ್ಮಾಳ ಫ್ರೀಜರಿನಲ್ಲಿ ಹಿಟ್ಟಿನೊಳಗೆ ಮಾಂಸ ಸುತ್ತಿದ ಸಾಸೇಜ್ ರೋಲುಗಳು, ಲ್ಯಾಮಿಂಗ್ಟನ್ ಮಾಡಲು ಚೌಕವಾಗಿ ಕೊಯ್ದಿಟ್ಟ ಕೇಕು ಯಾವಾಗಲೂ ಸಿದ್ಧವಾಗಿರುತ್ತಿದ್ದವು. ಸತ್ತವರ ಸುದ್ದಿ ಬಂದ ದಿನ ಆ ಕೇಕನ್ನು ಚಾಕೊಲೇಟಿನಲ್ಲಿ ಅದ್ದಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದರೆ ಆಯಿತು. ಡೆಲ್ಮಾಳ ಲ್ಯಾಮಿಂಗ್ಟನ್ ಎಂದರೆ ಅಳತೆಗೋಲು ಹಿಡಿದು ಮಾಡಿದಂತೆ ನಾಲ್ಕೂ ಕಡೆ ಸಮ. ಒಂದು ಮೂಲೆ ಮುಕ್ಕಾಗಿದ್ದರೂ ಅದು ಹಾಲ್‌ಗೆ ಹೋಗುತ್ತಿರಲಿಲ್ಲ.

ಕೋರಲ್ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಡೆಲ್ಮಾ ದಿನವೂ ಹೋಗಿ ಅವಳನ್ನೂ ಬಯ್ದು ಬರುತ್ತಿದ್ದಳು.

"ಔಷಧಿ ಕುಡೀದೆ ಮಲಗಿದೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?"

"ಸಾಯೋಳಿಗೆ ಎಂಥ ನಾಚಿಕೆನೇ? ಕೇಳಿಲ್ಲಿ. ನನ್ನ ಸಾವಿನ ದಿನ ಅಂಗಡಿ ಕೇಕು ಇಟ್ಟೆ ಅಂದ್ರೆ ಪೆಟ್ಟಿಗೆಯಿಂದ ಎದ್ದು ಬಂದು ಒದೀತೀನಿ. ಎಲ್ಲಾ ನಿನ್ನ ಕೈದೇ ಆಗ್ಬೇಕು."

"ನಾನಿರೋವಾಗ ಅಂಗಡಿ ಕೇಕಾ? ಮಾತು ಕೊಟ್ಟೆ ಹೋಗು."

"ಇನ್ನೊಂದು. ಸಾಯೋದ್ರೊಳಗೆ ಒಂದೇ ಒಂದು ಸಲ ತಪ್ಪು ಒಪ್ಕೊಂಡು ನೋಡೇ. ಹಲ್ಲೇನೂ ಉದುರಲ್ಲ."

"ತಪ್ಪು ಮಾಡಿದ್ರೆ ತಾನೆ ಒಪ್ಕೊಳ್ಳೋದು!" ಎಂದು ಡೆಲ್ಮಾ ಅವಳ ಹೊದಿಕೆಯನ್ನು ಎಳೆದು ಸರಿಮಾಡಿದ್ದಳು.

ಈಗ ಫ್ರಿಜ್ಜಿನ ವಿಷಯಕ್ಕೆ ಬರೋಣ. ಡೆಲ್ಮಾಳ ಹಳೆಯ ಫ್ರಿಜ್ಜು ಹಿಂದಿನ ವರಾಂಡದಲ್ಲಿ, ನಾಲ್ಕೂ ಕಡೆ ಗಾಳಿಗೆ ಮೈಯೊಡ್ಡಿಕೊಂಡು, ಹಳೇ ಟ್ರ್ಯಾಕ್ಟರಿನಂತೆ ಗುಡುಗುಡು ಎನ್ನುತ್ತ ಎಷ್ಟೋ ಬೇಸಿಗೆಗಳನ್ನು ನೂಕಿತ್ತು. ಅದರ ಬಾಗಿಲು ಕಳಚಿ ಕೈಗೆ ಬಂದ ಮೇಲೆ ಮಗಳು ಟ್ರೂಡಿ ಪಟ್ಟು ಹಿಡಿದಳು. "ಅಮ್ಮಾ, ಹೊಸ ಅಡುಗೆಮನೇನೇ ಮಾಡಿಸಿಬಿಡೋಣ. ಫ್ರಿಜ್ಜು ಒಳಗೇ ಇರ್ಲಿ, ಬೀರುಗಳ ಸಾಲಲ್ಲಿ, ಕಣ್ಣಿಗೆ ಬೀಳದ ಹಾಗೆ." ಫ್ರಿಜ್ಜೇನು ಕದ್ದ ಮಾಲೇ, ಬಚ್ಚಿಡುವುದಕ್ಕೆ? ಆದರೆ ಪತ್ರಿಕೆಯ ಚಿತ್ರ ನೋಡಿದವರಿಗೆ ಯಾರು ಬುದ್ಧಿ ಹೇಳಬೇಕು!

ಕೆಲಸಕ್ಕೆ ಬಡಗಿಯನ್ನೇನೂ ಕರೆಸಲಿಲ್ಲ. ಅಲ್ಲೆಲ್ಲ ಅಳಿಯಂದಿರು ಇರುವುದೇ ಅದಕ್ಕೆ. ಟ್ರೂಡಿಯ ಗಂಡ ಲಾಯ್ಡ್ ಸಕ್ಕರೆ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುವವನು, ಆಳು ಗೂಳಿಯಂತಿದ್ದರೂ ಮಾತು ಕಡಿಮೆ. ವಾರದ ಕೊನೆಗೊಮ್ಮೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದು, ಹಲಗೆ ಕೊಯ್ದು, ಸಂಜೆ ಬಿಯರ್ ಕುಡಿದು, ಅಂತೂ ಬೀರುಗಳ ಸಾಲು ನಿಲ್ಲಿಸಿದ. ಕೊಂಡದ್ದು ಬೀರುವಿನೊಳಗೆ ಹುದುಗಿಸಲೆಂದೇ ಮಾಡಿದ ಫ್ರಿಜ್ಜಲ್ಲ. ತನ್ನ ಪಾಡಿಗೆ ತಾನು ನಿಲ್ಲುವಂಥದು, ಮೇಲೆ ಫ್ರಿಜ್ಜು, ಕೆಳಗೆ ಫ್ರೀಜರು. ಅದು ಒಳಗಿನ ಬಿಸಿಯನ್ನೆಲ್ಲ ಬೆನ್ನಿನಿಂದ, ಪಕ್ಕೆಯಿಂದ ಹೊರಕ್ಕೆ ದಬ್ಬುತ್ತಲೇ ಇರಬೇಕು. ಇದು ಲಾಯ್ಡ್‌ಗೆ ಗೊತ್ತಿತ್ತು. ಅದಕ್ಕೇ ಎರಡೂ ಪಕ್ಕದಲ್ಲಿ ಎರಡೆರಡು ಬೆರಳಷ್ಟು, ಹಿಂದೆ ಇನ್ನೊಂದಿಷ್ಟು, ತಲೆಯ ಮೇಲೆ ಅಂಗೈ ಅಗಲದ ಸಂದಿ ಬಿಟ್ಟಿದ್ದ.

ಡೆಲ್ಮಾಳಿಗೆ ಆ ಸಂದಿ ಮೊದಲ ದಿನದಿಂದಲೇ ಕಣ್ಣಿಗೆ ಚುಚ್ಚಿತು. "ಹಲ್ಲು ಬಿದ್ದ ಬಾಯಿ ಇದ್ದಂಗಿದೆ" ಎಂದಳು. ಒಂದು ತಿಂಗಳಲ್ಲಿ ಅಲ್ಲಿಗೆ ಹಲ್ಲಿ ಬಂತು. ಆ ಊರಲ್ಲಿ ಹಲ್ಲಿಗಳಿಲ್ಲದ ಮನೆಯಿಲ್ಲ, ನಿಜ. ಆದರೆ ಈ ಹಲ್ಲಿ ಮೇಜಿನ ಮೇಲಿಟ್ಟ ಬೆಣ್ಣೆಯ ಬಟ್ಟಲಿನಲ್ಲೇ ಹಿಕ್ಕೆ ಹಾಕಿತು. ಡೆಲ್ಮಾ ಗಿರಣಿಗೇ ಫೋನ್ ಮಾಡಿದಳು.

"ಲಾಯ್ಡ್, ಆ ಸಂದೀಲಿ ಹಲ್ಲಿ ಸಂಸಾರ ಹೂಡಿದೆ. ಬಂದು ಮುಚ್ಚು."

"ಅತ್ತೆ, ಸಂದಿ ಬೇಕು ಅದಕ್ಕೆ. ಇಲ್ದಿದ್ರೆ ಫ್ರಿಜ್ಜು..."

"ಫ್ರಿಜ್ಜೂ ನಂದು, ಬೆಣ್ಣೇನೂ ನಂದು. ನಿನ್ನ ಕೈಲಾಗಲ್ಲ ಅಂದ್ರೆ ಹೇಳಿಬಿಡು, ಊರಲ್ಲಿ ಬೇರೆ ಗಂಡಸರಿದಾರೆ."

ಇಷ್ಟು ಹೇಳಿಸಿಕೊಂಡ ಮೇಲೆ ಯಾವ ಅಳಿಯ ತಾನೇ ವಾದ ಮಾಡುತ್ತಾನೆ? ಲಾಯ್ಡ್ ಶನಿವಾರ ಬಂದ, ಮರದ ಬಿಳಿ ಪಟ್ಟಿಗಳನ್ನು ಮೇಲೂ ಪಕ್ಕಕ್ಕೂ ಬಿಗಿಯಾಗಿ ಬಡಿದ, ಟೀ ಕೂಡ ಕುಡಿಯದೆ ಹೋದ. ಡೆಲ್ಮಾ ಒಂದು ಪಾತ್ರೆ ಬಟ್ಟೆಯಲ್ಲಿ ಪಟ್ಟಿಗಳನ್ನು ಒರೆಸಿ, "ಈಗ ನೋಡು, ಒಂದು ಲಕ್ಷಣ ಬಂತು" ಎಂದಳು. ಆಮೇಲೆ ಆ ಮಾತನ್ನೂ ಆ ಫೋನನ್ನೂ ಸಂಪೂರ್ಣ ಮರೆತಳು. ತನಗೆ ಬೇಡವಾದದ್ದನ್ನು ಮರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಆ ಸೀಮೆಯಲ್ಲಿ ಜನವರಿಯೆಂದರೆ ನಡುಬೇಸಿಗೆ, ಧಗೆ ಶುರುವಾಯಿತು. ಫ್ರಿಜ್ಜು ಹಗಲಿರುಳು ಬಿಡುವಿಲ್ಲದೆ ಗುಂಯ್‌ಗುಡತೊಡಗಿತು. ಪಕ್ಕದ ಬೀರುವಿನಲ್ಲಿಟ್ಟ ಹಿಟ್ಟಿನ ಡಬ್ಬ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಬೆಣ್ಣೆ ಒಳಗಿದ್ದೂ ಮೆತ್ತಗಾಯಿತು. ಡೆಲ್ಮಾ ಫ್ರಿಜ್ಜು ಮಾಡಿದವರನ್ನು ಬಯ್ದಳು, ಮಾರಿದವನನ್ನು ಬಯ್ದಳು. ಟ್ರೂಡಿ ಫೋನಿನಲ್ಲಿ, "ಸೆಕೆ ಅಲ್ವಾಮ್ಮಾ, ಬಾಗಿಲು ಜಾಸ್ತಿ ತೆಗೀಬೇಡ" ಎಂದದ್ದಕ್ಕೆ ಅವಳನ್ನೂ ಬಯ್ದಳು.

ಫೆಬ್ರವರಿಯಲ್ಲಿ ಕೋರಲ್ ಸತ್ತಳು. ಡೆಲ್ಮಾ ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತೆಲ್ಲಿ? ಹಾಲ್ ತುಂಬ ಜನ ಬರುತ್ತಾರೆ. ಫ್ರೀಜರಿನಲ್ಲಿ ಎಲ್ಲ ಇತ್ತು, ಮೇಲಿನ ಫ್ರಿಜ್ಜಿಗೆ ಬೇಯಿಸಿದ ಮೊಟ್ಟೆ, ಮಾಂಸ, ಕೆನೆ ತುಂಬಿಸಿಟ್ಟಳು. ಮಣ್ಣಿನ ಹಿಂದಿನ ದಿನ ಬೆಳಿಗ್ಗೆ ಏಪ್ರನ್ ಕಟ್ಟಿಕೊಂಡು ಅಡುಗೆಮನೆಗೆ ಬಂದರೆ, ಮನೆ ನಿಶ್ಶಬ್ದವಾಗಿತ್ತು. ಗುಂಯ್ ಎನ್ನುವ ಸದ್ದೇ ಇಲ್ಲ. ಫ್ರೀಜರಿನ ಬಾಗಿಲು ತೆಗೆದಳು. ನೀರು ಪಾದದ ಮೇಲೆ ಹರಿಯಿತು. ಸಾಸೇಜ್ ರೋಲು ಒತ್ತಿದರೆ ಬೆರಳು ಒಳಗೆ ಹೋಯಿತು. ಮೇಲಿನ ಬಾಗಿಲು ತೆಗೆದರೆ ಕೆನೆಯ ಹುಳಿ ವಾಸನೆ ಮೂಗಿಗೆ ಬಡಿಯಿತು.

ಟ್ರೂಡಿಗೆ ಫೋನ್ ಮಾಡಿದಳು. "ನಿನ್ನ ಗಂಡನ ಕೆಲಸ ನೋಡು ಬಾ! ನನ್ನ ಕೋರಲ್‌ಳ ಊಟ ಕೊಳೀತಿದೆ ಇಲ್ಲಿ!"

"ಅಮ್ಮಾ, ಸಮಾಧಾನ. ಸೂಪರ್‌ಮಾರ್ಕೆಟ್‌ನಲ್ಲಿ ತಟ್ಟೆಗಟ್ಟಲೆ ರೆಡಿ ಸಿಗತ್ತೆ, ಹೇಳ್ಬಿಡ್ತೀನಿ. ನಿಂಗೂ ವಯಸ್ಸಾಯ್ತು, ಇನ್ನು ಇದೆಲ್ಲ ಸಾಕು."

ಸಾಕಂತೆ! ಅಂಗಡಿ ತಟ್ಟೆಯಂತೆ! ಡೆಲ್ಮಾಳ ಮೈ ಉರಿದುಹೋಯಿತು. ಫೋನು ಎಸೆದವಳೇ ಫ್ರಿಜ್ಜನ್ನು ಎರಡೂ ಕೈಯಿಂದ ಹಿಡಿದು ಹೊರಕ್ಕೆಳೆದಳು. ಅದು ಪಟ್ಟಿಗಳ ನಡುವೆ ಸಿಕ್ಕಿ ಅಲುಗಲೇ ಇಲ್ಲ. ಪಕ್ಕದ ಹಲಗೆಗೆ ಕೈಯಿಟ್ಟರೆ ಬಾಣಲೆ ಮುಟ್ಟಿದಂತೆ ಚುರ್ ಎಂದಿತು. ನೇರ ರಾನ್‌ನ ಶೆಡ್ಡಿಗೆ ಹೋಗಿ ಗರಗಸ ತಂದಳು. ಮೊಳೆ ಕೀಳುವ ಕಬ್ಬಿಣವನ್ನೂ ತಂದಳು. ಕುರ್ಚಿಯ ಮೇಲೆ ಹತ್ತಿ ನಿಂತು, ಆ ಹೊಳೆಯುವ ಬಿಳಿ ಬೀರುವಿಗೆ ಹಲ್ಲು ಕಚ್ಚಿಕೊಂಡು ಗರಗಸ ಹಾಕಿದಳು.

"ಬಿಗಿಯಾಗಿ ಮಾಡ್ತಾನಂತೆ, ಬಿಗಿ! ಇವನ ಬಾಯಿಗೆ ಹೀಗೇ ಪಟ್ಟಿ ಹೊಡೀಬೇಕಿತ್ತು! ಮೂವತ್ತು ವರ್ಷ ನಾನು ಕೊಟ್ಟ ಮಾತು ತಪ್ಪಿಲ್ಲ, ಈ ದಡ್ಡ ಶಿಖಾಮಣಿಯಿಂದ ಕೋರಲ್ ಮುಂದೆ ತಲೆ ತಗ್ಗಿಸ್ಬೇಕಾ ನಾನು?"

ಮೇಲಿನ ಪಟ್ಟಿ ಮುರಿದು ಬಿತ್ತು. ಪಕ್ಕದ್ದನ್ನು ಕಬ್ಬಿಣ ಹಾಕಿ ಮೀಟಿದಳು. ಬೀರುವಿನ ಬಾಗಿಲೊಂದು ಅದರ ಜೊತೆಗೇ ಕಿತ್ತುಬಂದು ನೆಲಕ್ಕೆ ಅಪ್ಪಳಿಸಿತು. ಟ್ರೂಡಿ ಹೇಳಿ ಕಳಿಸಿದ್ದ ಲಾಯ್ಡ್ ಹಿಂಬಾಗಿಲಿನಿಂದ ಒಳಗೆ ಬಂದದ್ದು ಆಗಲೇ. ಎಷ್ಟೋ ವಾರ ಬೆವರು ಸುರಿಸಿ ಮಾಡಿದ ಕೆಲಸ ಕಾಲ ಕೆಳಗೆ ಚೂರಾಗಿ ಬಿದ್ದಿತ್ತು.

"ಬಂದ್ಯಾ? ನೋಡು ಬಾ, ನೋಡು! ಫ್ರಿಜ್ಜಿಗೆ ಶವದ ಪೆಟ್ಟಿಗೆ ಮಾಡಿದೀಯಲ್ಲ! ಒಂದು ಬೆರಳು ಗಾಳಿ ಆಡೋಕೆ ಜಾಗ ಬಿಡ್ಬೇಕು ಅನ್ನೋ ಬುದ್ಧಿ ಬೇಡ್ವಾ ನಿಂಗೆ?"

ಲಾಯ್ಡ್‌ನ ಕತ್ತು ಕಿವಿಯವರೆಗೆ ಕೆಂಪಾಯಿತು. ಮದುವೆಯಾದಂದಿನಿಂದ ಅವನು ಈ ಮನೆಯಲ್ಲಿ ದನಿಯೆತ್ತಿದವನಲ್ಲ. ಆ ದಿನ ಎತ್ತಿದ.

"ಬಿಟ್ಟಿದ್ದೆ! ಮೇಲೆ ಬಿಟ್ಟಿದ್ದೆ, ಪಕ್ಕಕ್ಕೆ ಬಿಟ್ಟಿದ್ದೆ. ಗಿರಣಿಗೆ ಫೋನ್ ಮಾಡಿ ಮುಚ್ಚು ಅಂದಿದ್ದು ಯಾರು? ಊರಲ್ಲಿ ಬೇರೆ ಗಂಡಸರಿದಾರೆ ಅಂದಿದ್ದು ಯಾರು? ಬೇಡ ಅತ್ತೆ ಅನ್ನೋಕೂ ಬಿಡ್ಲಿಲ್ಲ ನೀವು. ಒಂದು ಹಲ್ಲಿಗೋಸ್ಕರ!"

ಡೆಲ್ಮಾ ಬಾಯಿ ತೆರೆದಳು. ಆಗ, ಪಟ್ಟಿ ಕಿತ್ತ ಸಂದಿಯ ಆಳದಿಂದ, ಇಷ್ಟು ದಿನ ಅಲ್ಲೇ ಸಿಕ್ಕಿಕೊಂಡಿದ್ದೋ ಈಗಷ್ಟೇ ಬಂದಿತ್ತೋ, ಹಲ್ಲಿಯೊಂದು ಲೊಚಲೊಚ ಎಂದು ಲೊಚಗುಟ್ಟಿತು. ಹಲ್ಲಿ ನುಡಿದದ್ದಕ್ಕೆ ಇಂಗಮ್ಮಿನವರು ಅರ್ಥ ಹಚ್ಚುವುದಿಲ್ಲ. ಆದರೆ ಡೆಲ್ಮಾಳಿಗೆ ಅರ್ಥವಾಯಿತೆಂದು ಅವಳ ಮುಖವೇ ಹೇಳುತ್ತಿತ್ತು. ಮಾಡಿದ್ದುಣ್ಣೋ ಮಹರಾಯ.

ತಪ್ಪಾಯಿತು ಎಂದಳೇ? ಇಲ್ಲ. ಕುರ್ಚಿಯಿಂದಿಳಿದು, ಗರಗಸವನ್ನು ಅವನ ಕೈಗೆ ತುರುಕಿ, "ನಿಂತ್ಕೊಂಡ್ರೆ ಕೆಲಸ ಆಗಲ್ಲ" ಎಂದಳು, ಅಷ್ಟೇ. ಆದರೆ ದನಿಯಲ್ಲಿ ಕಸುವಿರಲಿಲ್ಲ.

ಲಾಯ್ಡ್ ಉಳಿದ ಪಟ್ಟಿ ಕೊಯ್ದು ಫ್ರಿಜ್ಜನ್ನು ಅಡುಗೆಮನೆಯ ನಡುವಿಗೆ ಎಳೆದು, ಅದರ ಬೆನ್ನಿಗೆ ಫ್ಯಾನು ಹಚ್ಚಿದ. ಇಬ್ಬರೂ ಸೇರಿ ಕೆಟ್ಟದ್ದನ್ನೆಲ್ಲ ಹೊರಗೆ ಹಾಕಿದರು. ಕೆನೆ ಹೋಯಿತು, ಮೊಟ್ಟೆ ಹೋಯಿತು, ಮಾಂಸ ಹೋಯಿತು, ಸಾಸೇಜ್ ರೋಲುಗಳೂ ಹೋದವು. ಒಂದೊಂದು ಚೀಲ ಕಟ್ಟುವಾಗಲೂ ಡೆಲ್ಮಾ ಕೋರಲ್‌ಳ ಹೆಸರು ಹೇಳಿ ಹಲ್ಲು ಕಡಿಯುತ್ತಿದ್ದಳು. ಉಳಿದದ್ದು ಕೇಕು. ಕರಗಿದ್ದರೂ ಕೆಟ್ಟಿರಲಿಲ್ಲ.

ಮೈ ಆರಿದ ಮೇಲೆ ಫ್ರಿಜ್ಜು ಒಮ್ಮೆ ನಡುಗಿ, ಗುಂಯ್ ಎಂದು ಮತ್ತೆ ಶುರುವಾಯಿತು. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರು.

"ಗಿರಣಿಗೆ ಹೋಗ್ಬೇಕಾ ನೀನು?" ಎಂದಳು ಡೆಲ್ಮಾ.

"ರಜ ಹಾಕಿದೀನಿ."

"ಹಂಗಾದ್ರೆ ಕೈ ತೊಳ್ಕೋ. ಸೋಪು ಹಾಕಿ ತೊಳಿ, ಗ್ರೀಸಿದೆ. ನಾನು ರೋಲಿಗೆ ಹಿಟ್ಟು ಕಲಸ್ತೀನಿ, ನೀನು ಲ್ಯಾಮಿಂಗ್ಟನ್ ಅದ್ದು."

ಬೋಲ್ಟು ತಿರುಗಿಸುವ ಆ ದಪ್ಪ ಬೆರಳುಗಳಲ್ಲಿ ಮೆತ್ತನೆಯ ಕೇಕು ಏನಾಗಬೇಕು? ಒಂದು ವಾಲಿತು, ಒಂದು ಕುಸಿಯಿತು, ಒಂದಕ್ಕೆ ಹೆಬ್ಬೆರಳ ಗುರುತು ಬಿತ್ತು. ಡೆಲ್ಮಾ ಓರೆಗಣ್ಣಿನಿಂದ ನೋಡಿದಳು, ತುಟಿ ಕಚ್ಚಿಕೊಂಡಳು, ಬಯ್ಯಲಿಲ್ಲ. ಸಂಜೆಯವರೆಗೂ ಬಯ್ಯಲಿಲ್ಲ. ಬಯ್ಗುಳಕ್ಕಿಂತ ಇದೇ ಲಾಯ್ಡ್‌ಗೆ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಕೋರಲ್‌ಳನ್ನು ಮಣ್ಣು ಮಾಡಿ ಎಲ್ಲರೂ ಹಾಲ್‌ಗೆ ಬಂದರು. ಮೇಜಿನ ಮೇಲೆ ಅಂಗಡಿಯದು ಒಂದು ಚೂರೂ ಇರಲಿಲ್ಲ. ಬಿಸಿ ಸಾಸೇಜ್ ರೋಲು, ಕುಂಬಳಕಾಯಿ ಹಾಕಿದ ಸ್ಕೋನು ಬನ್ನು, ಹೊಸದಾಗಿ ಬೇಯಿಸಿದ ಮೊಟ್ಟೆಯ ಸ್ಯಾಂಡ್‌ವಿಚ್ಚು. ನಡುವೆ ದೊಡ್ಡ ತಟ್ಟೆಯಲ್ಲಿ ಲ್ಯಾಮಿಂಗ್ಟನ್ನು, ಸಾಲಾಗಿ ನಿಲ್ಲಿಸಿದರೂ ಸಾಲು ನಿಲ್ಲದೆ. ಲಾಯ್ಡ್ ಕರಿ ಕೋಟು ಹಾಕಿಕೊಂಡು ಟೀ ಸುರಿಯುತ್ತಿದ್ದ.

ಪಾದ್ರಿಯ ಹೆಂಡತಿ ಒಂದನ್ನೆತ್ತಿ, ತಿರುಗಿಸಿ ನೋಡಿ, ನಾಲ್ಕು ಜನಕ್ಕೆ ಕೇಳುವಂತೆ ನಕ್ಕಳು. "ಅಯ್ಯಯ್ಯೋ, ಇದ್ಯಾರ ಕೈಚಳಕಾರೀ? ಎತ್ತಿನ ಗಾಡಿ ಹತ್ತಿಸಿದಂಗಿದೆ! ಡೆಲ್ಮಾ, ಇದು ನಿಮ್ಮದಂತೂ ಅಲ್ಲ ಬಿಡಿ."

ಸುತ್ತಲಿನವರೂ ನಕ್ಕರು. ಲಾಯ್ಡ್ ತಲೆ ತಗ್ಗಿಸಿ ಬಟ್ಟಲು ನೋಡುತ್ತ ನಿಂತ. ಅವನ ಕತ್ತು ಮತ್ತೆ ಕೆಂಪಾಗುತ್ತಿತ್ತು.

"ನಂದೇ" ಎಂದಳು ಡೆಲ್ಮಾ.

ನಗು ನಿಂತಿತು.

"ನಂದೇ ಕಣಮ್ಮಾ. ಮಾಡಿದ್ದು ನಾನು, ಕೆಡಿಸಿದ್ದೂ ನಾನೇ. ತಪ್ಪು ನಂದು." ಗೋಡೆಗೆ ಒರಗಿಸಿಟ್ಟ ಕೋರಲ್‌ಳ ಫೋಟೋದ ಕಡೆ ಒಮ್ಮೆ ನೋಡಿದಳು. ಫೋಟೋದಲ್ಲಿ ಕೋರಲ್ ಎಂದಿನಂತೆ ನಗುತ್ತಿದ್ದಳು. ಅಷ್ಟು ದಿನ ಎಲ್ಲಿ ತಡೆದುಕೊಂಡಿದ್ದಳೋ, ಡೆಲ್ಮಾಳ ಕಣ್ಣಿಂದ ನೀರು ದಳದಳ ಇಳಿಯಿತು. ಅದನ್ನು ಏಪ್ರನ್ನಿನಲ್ಲಿ ಒರಟಾಗಿ ಒರೆಸಿಕೊಂಡು ಅಳಿಯನ ಕಡೆ ತಿರುಗಿದಳು. ಅವನು ಕೆಟಲು ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದ.

"ಏನು ನೋಡ್ತೀಯ? ಸುರಿ ಮಾರಾಯ, ಟೀ ಆರ್ತಿದೆ."