ಗೇಟಿನ ಹೊರಗೆ ನಿಂತ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರ ಎಡಗಿವಿ ಮಗ್ಗದ ಸದ್ದಿಗೆ ಕೆಟ್ಟುಹೋಗಿತ್ತು. ಏನೇ ಕೇಳಿದರೂ ಕತ್ತು ವಾಲಿಸಿ ಬಲಗಿವಿಯನ್ನು ಮುಂದೆ ತರುತ್ತಿದ್ದರು. ದೊಡ್ಡಬಳ್ಳಾಪುರದ ಅವರ ಮನೆಯ ಹಿಂಭಾಗದಲ್ಲಿ ಪವರ್‌ಲೂಮು, ಮುಂದಿನ ಕೋಣೆಯಲ್ಲಿ ಭಾನುವಾರದ ಪಾಠ. ನಾವೆಲ್ಲ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಮಗ್ಗದ ಗದ್ದಲ ಮೀರಿಸಲು ಅವರು ಕಿರುಚಿಯೇ ಕಲಿಸುತ್ತಿದ್ದರು. ಅಬ್ಬಾ, ಇವರು ಪಾಠ ಮಾಡ್ತಿದ್ದಾರೋ ಬೈತಿದ್ದಾರೋ ಅಂತ ಹೊಸಬರಿಗೆ ಗಾಬರಿ!

ನಮ್ಮ ಫ್ಯಾಕ್ಟರಿಗೆ ಹೊರ ರಾಜ್ಯದ ಕೆಲಸಗಾರರು ಬಂದಿದ್ದರು. ಓಡುವ ಮಿಷನ್ನಿನ ಮುಚ್ಚಳ ತೆಗೆಯಬಾರದು ಎಂದು ಇಂಗ್ಲಿಷಿನಲ್ಲಿ ಬೋರ್ಡು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಹೇಗೆ ಬರೆಯಲಿ ಎಂದು ಮೇಷ್ಟ್ರನ್ನು ಕೇಳಿದೆ.

“ಮಸ್ಟ್ ನಾಟ್ ಅಂದ್ರೂ ಅಷ್ಟೇ, ಡೋಂಟ್ ಹ್ಯಾವ್ ಟು ಅಂದ್ರೂ ಅಷ್ಟೇ ಕಣಮ್ಮಾ. ಎರಡೂ ಕೂಡದು ಅಂತ್ಲೇ,” ಎಂದರು, ಪಾಠ ಮುಗಿಸುವ ಅವಸರದಲ್ಲಿ.

ನನಗೆ ಎರಡನೆಯದೇ ಮರ್ಯಾದೆಯದು ಅನ್ನಿಸಿತು. ಸೋಮವಾರ ಬೆಳಿಗ್ಗೆ ಹಾಗೇ ಬರೆದು ತಗುಲಿಹಾಕಿದೆ.

ಹತ್ತು ಗಂಟೆಗೆ ಸೆಕ್ಯುರಿಟಿಯವನು ಕರೆದ. ಗೇಟಿನ ಹೊರಗೆ ಬಿಸಿಲಲ್ಲಿ ಮೇಷ್ಟ್ರು! ಒಳಗೆ ಬಿಡದ್ದರಿಂದ ಒಂದು ಗಂಟೆಯಿಂದ ಅಲ್ಲೇ ನಿಂತಿದ್ದರಂತೆ.

“ತಪ್ಪು ಹೇಳ್ಕೊಟ್ಬಿಟ್ಟೆ ಕಣಮ್ಮಾ! ಡೋಂಟ್ ಹ್ಯಾವ್ ಟು ಅಂದ್ರೆ ತೆಗೀಬೇಕಾಗಿಲ್ಲ, ಬೇಕಿದ್ರೆ ತೆಗಿ ಅಂತಾಗುತ್ತೆ. ಯಾರಾದ್ರೂ ಕೈ ಹಾಕಿದ್ರೆ? ಮಸ್ಟ್ ನಾಟ್ ಅಂತ ಬರಿ, ಓಡು!”

ರಸ್ತೆಗೆಲ್ಲ ಕೇಳಿಸಿತು. ಸೆಕ್ಯುರಿಟಿಯವನು ನಕ್ಕ. ನಾಚಿಕೆಯಾದರೂ ಓಡಿದೆ. ಬೋರ್ಡು ಬದಲಾಯಿಸಿ ಬರುವವರೆಗೂ ಅವರು ಕದಲಿರಲಿಲ್ಲ.

“ಚೀಟಿ ಕೊಟ್ಟು ಕಳ್ಸಿದ್ರೆ ಸಾಕಾಗಿತ್ತು ಸಾರ್. ಇಷ್ಟೊತ್ತು ನಿಲ್ಬೇಕಾಗಿರ್ಲಿಲ್ಲ,” ಎಂದೆ.

“ನಿಲ್ಬೇಕಾಗಿರ್ಲಿಲ್ಲ, ಸರಿ. ತಪ್ಪು ನಂದಲ್ವೇನಮ್ಮಾ? ನಿಂತೆ.”

ಮುಂದಿನ ಭಾನುವಾರ ಹಿಂದಿನ ಮಗ್ಗಗಳನ್ನು ನಿಲ್ಲಿಸಿ, “ಹೋದ ವಾರ ನಾನು ತಪ್ಪು ಹೇಳ್ಕೊಟ್ಟೆ,” ಎಂದು ಎಲ್ಲರೆದುರು ಒಪ್ಪಿಕೊಂಡರು. ಆ ಮನೆಯಲ್ಲಿ ಮಗ್ಗ ಸುಮ್ಮನಾಗಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಶಿಫ್ಟಿನ ನಡುವೆ ಬಂತು. ಈಗ ನಾನು ಅದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ರಜೆ ಕೇಳಿದಾಗ ಮ್ಯಾನೇಜರ್, “ನೆಂಟ್ರೇನಮ್ಮಾ? ಹೋಗ್ಲೇಬೇಕಾ?” ಎಂದರು.

“ನೆಂಟರಲ್ಲ ಸಾರ್. ಹೋಗ್ಲೇಬೇಕು ಅಂತೇನಿಲ್ಲ. ಹೋಗ್ತೀನಿ.”

ಅವರ ಮನೆ ಮುಟ್ಟಿದಾಗ ಮಗ್ಗಗಳು ನಿಂತಿದ್ದವು. ಜನರ ನಡುವೆ ದಾರಿ ಮಾಡಿಕೊಂಡು ಅವರ ಬಲಗಿವಿಯ ಕಡೆ ಕುಳಿತೆ. “ಬಂದೆ ಸಾರ್,” ಎಂದೆ, ಜೋರಾಗಿಯೇ.